‘ಎಲ್ಲಿಗೆ ಬಂತು’ ಅಂತ ಕೇಳಿದವರು

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆಗಸ್ಟ್ 15ರ ದಿನ ಶಾಲೆಯಲ್ಲಿ ನಾನೊಂದು ಹಾಡು ಹಾಡಿದೆ. ಪೂರ್ತಿ ಹಾಡಲು ಬಿಡಲಿಲ್ಲ. ಎರಡನೇ ಚರಣ ಶುರುವಾಗುವಷ್ಟರಲ್ಲಿ ಹೆಡ್‌ಮಾಸ್ಟರು ಎದ್ದು ಬಂದು ಮೈಕ್ ಕಿತ್ತುಕೊಂಡರು. "ಸಾಕು, ಇಳಿ ಕೆಳಗೆ" ಅಂದರು. ಅಂಗಳದಲ್ಲಿ ಸಾಲಾಗಿ ಕೂತಿದ್ದ ಹುಡುಗರಿಗೆ ಏನಾಯಿತು ಅಂತ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಆಮೇಲೆ ಎಲ್ಲರಿಗೂ ಬೂಂದಿ ಹಂಚಿದರು. ನಾನು ತಗೊಳ್ಳದೆ ಮನೆಗೆ ಬಂದೆ.

ನಾನು ಹಾಡಿದ್ದು ಕವಿ ಸಿದ್ದಲಿಂಗಯ್ಯನವರ ‘ಯಾರಿಗೆ ಬಂತು ಎಲ್ಲಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ’. ಸ್ವಾತಂತ್ರ್ಯ ಟಾಟಾ ಬಿರ್ಲಾರ ಜೋಬಿಗೆ ಬಂತು, ಬಡವನ ಮನೆಗೆ ಬರಲಿಲ್ಲ ಅನ್ನುವ ಹಾಡು ಅದು. ಆ ಹಾಡು ಕಲಿಸಿದ್ದು ಚಿಕ್ಕಪ್ಪ. ಅವರು ನಮ್ಮ ತಾಲ್ಲೂಕಿನ ದಲಿತ ಸಂಘರ್ಷ ಸಮಿತಿಯಲ್ಲಿದ್ದರು. ತುಮಕೂರು ಜಿಲ್ಲೆಯ ನಮ್ಮ ಕೇರಿಯಲ್ಲಿ ಸಂಜೆ ಹೊತ್ತು ತರಗು ಉರಿಸಿ ತಮಟೆ ಕಾಯಿಸೋರು. ನಾಲ್ಕು ಜನ ಸೇರಿದರೆ ಹಾಡು ಶುರು. ನಾನು ಪಕ್ಕದಲ್ಲಿ ಕೂತು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದೆ. ಸ್ವಾತಂತ್ರ್ಯದ ದಿನ ಸ್ವಾತಂತ್ರ್ಯದ ಹಾಡು ತಾನೇ ಹಾಡಬೇಕು ಅಂತ ಅಂದುಕೊಂಡಿದ್ದೆ, ಅಷ್ಟೇ.

ಅವತ್ತು ಮುಖ್ಯ ಅತಿಥಿಯಾಗಿ ಕೂತಿದ್ದವರು ನಮ್ಮೂರಿನ ಖಾದಿ ಮೇಷ್ಟ್ರು. ರಿಟೈರ್ ಆಗಿದ್ದರು. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಬರುತ್ತಿತ್ತು. ಊರಿನಲ್ಲಿ ಅವರಿಗೆ ತುಂಬ ಮರ್ಯಾದೆ. ಎರಡು ದಿನ ಬಿಟ್ಟು ದಾರಿಯಲ್ಲಿ ಸಿಕ್ಕಾಗ ನನ್ನನ್ನು ನಿಲ್ಲಿಸಿದರು. ಬಯ್ಯಲಿಲ್ಲ. "ಅಲ್ಲಪ್ಪಾ, ನಾವು ಏಟು ತಿಂದಿದ್ದು ಟಾಟಾ ಬಿರ್ಲಾಗೋಸ್ಕರಾನಾ?" ಅಂದರು. ಅವರ ದನಿ ನಡುಗುತ್ತಿತ್ತು. "ಇಲ್ಲ ಮೇಷ್ಟ್ರೇ" ಅಂದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬರಲಿಲ್ಲ. ಈ ಬರಹ ಅವರಿಗೆ ಕೊಡಬೇಕಿದ್ದ ಉತ್ತರ. ಅವರೀಗ ಇಲ್ಲ.

ಈ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ದಲಿತ ಚಳವಳಿಯಲ್ಲಿ ಹುಟ್ಟಿ ಬೆಳೆದ ಹಾಡು ರೈತರ ಸಭೆಗೆ ಹೋಯಿತು, ಕಾರ್ಮಿಕರ ಮೆರವಣಿಗೆಗೆ ಹೋಯಿತು, ಬೀದಿ ನಾಟಕಕ್ಕೆ ಹೋಯಿತು, ಕಾಲೇಜು ಹಾಸ್ಟೆಲಿಗೆ ಹೋಯಿತು. ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್ ಅವರಂಥ ಹೋರಾಟದ ಹಾಡುಗಾರರು ಇಂಥ ಹಾಡುಗಳನ್ನು ಊರೂರಿಗೆ ಹೊತ್ತುಕೊಂಡು ತಿರುಗಿದರು. ಹೋದ ಕಡೆಯೆಲ್ಲ ಜನ ತಮಗೆ ಬೇಕಾದ ಅರ್ಥ ಮಾಡಿಕೊಂಡರು. ಅದರ ಮೇಲೆ ಜಗಳವೂ ಆಡಿದರು.

ಮೊದಲು ಕೇಳಿದ ಜಗಳ ನಮ್ಮ ಮನೆಯದೇ. ಚಿಕ್ಕಪ್ಪನ ಸ್ನೇಹಿತರೊಬ್ಬರು ತುಮಕೂರಿನಲ್ಲಿ ಕಾರ್ಮಿಕ ಸಂಘದಲ್ಲಿದ್ದರು. ಎಡಪಕ್ಷದವರು. ಬಂದಾಗಲೆಲ್ಲ ರಾತ್ರಿ ಊಟ ಆದ ಮೇಲೆ ಮಾತು ಈ ಹಾಡಿಗೆ ತಿರುಗೋದು. ಅವರ ಪ್ರಕಾರ ಇದು ಶುದ್ಧ ವರ್ಗ ಹೋರಾಟದ ಹಾಡು. ನೋಡಿ, ‘ಟಾಟಾ ಬಿರ್ಲಾರ ಜೋಬಿಗೆ ಬಂತು, ಕೋಟ್ಯಾಧೀಶನ ಕೋಣೆಗೆ ಬಂತು’ ಅಂತಲೇ ಇದೆ. ‘ಮಾಲೀಕರ ಚಾಟಿಗೆ ಬಂತು’ ಅಂತಿದೆ. ಜನರ ನಾಲಿಗೆ ಮೇಲಿರುವ ಸಾಲುಗಳಲ್ಲಿ ಜಾತಿ ಅನ್ನುವ ಪದ ಎಲ್ಲಿದೆ ತೋರಿಸಿ ಅನ್ನೋರು. ಅವರ ಮಾತು ನಿಜ. ‘ಹೊಲೆಮಾದಿಗರ ಹಾಡು’ ಅಂತ 1975ರಲ್ಲಿ ತನ್ನ ಮೊದಲ ಸಂಕಲನಕ್ಕೆ ಹೆಸರಿಟ್ಟ ಕವಿ, ‘ಇಕ್ರಲಾ, ವದೀರ್ಲಾ’ ಅಂತ ನೇರವಾಗಿ ಕೂಗಿದ ಕವಿ, ಇಲ್ಲಿ ಜಾತಿಯ ಹೆಸರು ಎತ್ತದೆ ‘ಬಡವ’ ಅನ್ನುತ್ತಾರೆ.

ಚಿಕ್ಕಪ್ಪ ಒಪ್ಪುತ್ತಿರಲಿಲ್ಲ. "ಬಡವ ಅಂದ್ರೆ ಯಾರಣ್ಣ? ಊರಿನ ಬಡವ ಬೇರೆ, ಕೇರಿ ಬಡವ ಬೇರೆ. ಊರಿನ ಬಡವ ಬಾವಿಯಿಂದ ನೀರು ಸೇದ್ಕಂತಾನೆ. ನಾವು ಸೇದಂಗಿದೀವಾ?" ಅನ್ನೋರು. ಹಾಡಿನಲ್ಲಿ ಜಾತಿ ಅನ್ನುವ ಪದ ಬೇಕಿಲ್ಲ, ಹಾಡುವವನ ಕೈಯಲ್ಲಿ ತಮಟೆ ಇದೆ, ಅದೇ ಹೇಳುತ್ತೆ ಅನ್ನುವುದು ಅವರ ವಾದ. ಊರಲ್ಲಿ ತಮಟೆ ಬಡಿಯುವ ಕೆಲಸ ಯಾರಿಗೆ ಕಟ್ಟಿದ್ದರು ಅಂತ ಕೇಳುವವರಿಗೆಲ್ಲ ಗೊತ್ತು, ಅಲ್ವಾ?

ಇಬ್ಬರ ಜಗಳದ ಹಿಂದೆ ಇಬ್ಬರ ಚರಿತ್ರೆಯೂ ಇತ್ತು. 1948ರಲ್ಲಿ ಕಮ್ಯುನಿಸ್ಟ್ ಪಕ್ಷ ‘ಈ ಆಜಾದಿ ಸುಳ್ಳು’ ಅನ್ನುವ ಘೋಷಣೆ ಎತ್ತಿತ್ತು. ಬ್ರಿಟಿಷರು ಹೋದರು, ಬಂಡವಾಳಗಾರರು ಬಂದರು, ಅಷ್ಟೇ ಅನ್ನುವುದು ಅದರ ಸಾರ. ಟಾಟಾ ಬಿರ್ಲಾ ಹೆಸರು ಸುಮ್ನೆ ಬಂದದ್ದಲ್ಲ. ಸ್ವಾತಂತ್ರ್ಯಕ್ಕೆ ಮೂರು ವರ್ಷ ಮುಂಚೆ, 1944ರಲ್ಲಿ, ಜೆ.ಆರ್.ಡಿ. ಟಾಟಾ, ಜಿ.ಡಿ. ಬಿರ್ಲಾ ಮತ್ತು ಇತರ ಉದ್ಯಮಿಗಳು ಸೇರಿ ಮುಂದಿನ ಭಾರತದ ಆರ್ಥಿಕತೆ ಹೇಗಿರಬೇಕು ಅಂತ ಯೋಜನೆಯನ್ನೇ ಬರೆದಿದ್ದರು. ಅದನ್ನು ಬಾಂಬೆ ಪ್ಲಾನ್ ಅಂತಾರೆ.

ಚಿಕ್ಕಪ್ಪನಿಗೆ ಬೇಕಾಗಿದ್ದ ಮಾತು ಬೇರೆ ಕಡೆ ಇತ್ತು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹೇಳಿದ ಮಾತು ಅದು. 1950ರ ಜನವರಿ 26ರಿಂದ ನಮ್ಮದು ಎರಡು ತರದ ಬದುಕು. ರಾಜಕೀಯದಲ್ಲಿ ಸಮಾನರು. ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನರು. ಇದನ್ನು ಬೇಗ ಸರಿಪಡಿಸದಿದ್ದರೆ ಕಷ್ಟಪಟ್ಟು ಕಟ್ಟಿದ ಪ್ರಜಾಪ್ರಭುತ್ವವನ್ನು ಅಸಮಾನತೆಯಲ್ಲಿ ಬೆಂದವರೇ ಒಡೆದು ಹಾಕುತ್ತಾರೆ ಅಂತ ಎಚ್ಚರಿಸಿದರು. ಸ್ವಾತಂತ್ರ್ಯ ಸುಳ್ಳು ಅಂತ ಅವರು ಹೇಳಲಿಲ್ಲ. ಒಂದು ಕಡೆ ಬಂದಿದೆ, ಇನ್ನೊಂದು ಕಡೆ ಬಂದಿಲ್ಲ ಅಂದರು.

ಇಲ್ಲಿಂದಲೇ ನನಗೆ ಹಾಡು ಬಿಚ್ಚಿಕೊಂಡಿದ್ದು. ನಾನು ಕನ್ನಡ ಮೇಷ್ಟ್ರಾದ ಮೇಲೆ, ಪಿಯುಸಿ ಮಕ್ಕಳಿಗೆ ಕ್ರಿಯಾಪದ ಪಾಠ ಮಾಡುವಾಗ ಒಂದು ದಿನ ಹೊಳೆಯಿತು. ಈ ಹಾಡಿನ ಜೀವ ಇರೋದು ‘ಬಂತು’ ಅನ್ನುವ ಪದದಲ್ಲಿ.

ನಮ್ಮ ಮಾತಿನಲ್ಲಿ ‘ಬಂತು’ ಅನ್ನೋದು ಯಾವುದಕ್ಕೆ? ನೀರು ಬಂತು. ಕರೆಂಟ್ ಬಂತು. ರೇಷನ್ ಬಂತು. ಬಸ್ ಬಂತು. ಕಾಯುತ್ತಾ ಕೂತವರು ಹೇಳುವ ಪದ ಅದು. ‘ಎಲ್ಲಿಗೆ ಬಂತು’ ಅನ್ನುವ ಮಾತೂ ಹಾಗೇ. ಬಸ್ ಎಲ್ಲಿಗೆ ಬಂತಂತೆ, ಚಾನಲ್ ನೀರು ಎಲ್ಲಿಗೆ ಬಂತಂತೆ ಅಂತ ಕೇಳುತ್ತೇವೆ. ಬರಬೇಕಾದ್ದು ಹೊರಟಿದೆ ಅಂತ ಗೊತ್ತಿರುವವರು, ದಾರಿ ನೋಡುತ್ತಿರುವವರು ಕೇಳುವ ಪ್ರಶ್ನೆ ಅದು. ಬೇಡ ಅನ್ನುವವರು ಯಾರೂ ‘ಎಲ್ಲಿಗೆ ಬಂತು’ ಅಂತ ಕೇಳುವುದಿಲ್ಲ.

ಅಂದರೆ ಹಾಡು ಸ್ವಾತಂತ್ರ್ಯ ಬಂದೇ ಇಲ್ಲ ಅನ್ನುತ್ತಿಲ್ಲ. ಬಂತು, ಬಂತು, ಬಂತು ಅಂತ ಸಾಲು ಸಾಲಿಗೂ ಹೇಳುತ್ತದೆ. ಜೋಬಿಗೆ ಬಂತು, ಬಾಯಿಗೆ ಬಂತು, ಕೋಣೆಗೆ ಬಂತು, ಬೂಟಿಗೆ ಬಂತು, ಚಾಟಿಗೆ ಬಂತು, ಗುಂಡಿಗೆ ಬಂತು. ಅದು ಹೋದ ಜಾಗಗಳನ್ನು ಒಂದೊಂದಾಗಿ ಗುರುತು ಮಾಡುತ್ತದೆ. ಇಷ್ಟು ಕಡೆ ಬಂದಿದ್ದು ಒಂದು ಕಡೆ ಮಾತ್ರ ಬರಲಿಲ್ಲ. ‘ಬಡವನ ಮನೆಗೆ ಬರಲಿಲ್ಲ.’ ಅಷ್ಟೊಂದು ‘ಬಂತು’ಗಳ ನಡುವೆ ಆ ‘ಬರಲಿಲ್ಲ’ ಬಂದಾಗ ಹಾಡುವವರ ದನಿ ತಾನಾಗಿಯೇ ತಗ್ಗುತ್ತದೆ. ಗಮನಿಸಿ ನೋಡಿ. ತಮಟೆಯೂ ಅಲ್ಲಿ ಒಂದು ಕ್ಷಣ ಸಡಿಲವಾಗುತ್ತದೆ.

ಜೇಬು ಅನ್ನದೆ ‘ಜೋಬು’ ಅಂದಿರುವುದೂ ನನಗೆ ಇಷ್ಟ. ಅದು ಮನೆಮಾತಿನ ಪದ. ನಮ್ಮಮ್ಮ ಬಟ್ಟೆ ಒಗೆಯುವಾಗ ಮೊದಲು ಜೋಬು ನೋಡೋರು. ಟಾಟಾ ಬಿರ್ಲಾ ಅನ್ನುವುದೂ ಹಾಗೇ ಮನೆಮಾತಾಗಿ ಹೋಗಿತ್ತು. ಯಾರಾದರೂ ಜಾಸ್ತಿ ಖರ್ಚು ಮಾಡಿದರೆ "ಇವನೇನು ದೊಡ್ಡ ಟಾಟಾ ಬಿರ್ಲಾ" ಅನ್ನುತ್ತಿದ್ದೆವು. ಹಾಡು ಕೇಳುವ ಜನಕ್ಕೆ ಅವೆರಡು ಕಂಪನಿಯ ಹೆಸರಿಗಿಂತ ಸಿರಿತನಕ್ಕೆ ಇನ್ನೊಂದು ಹೆಸರು. ಈಗಿನ ಹುಡುಗರು ಆ ಜಾಗಕ್ಕೆ ಈ ಕಾಲದ ಶ್ರೀಮಂತರ ಹೆಸರು ಸೇರಿಸಿ ಹಾಡುವುದನ್ನು ಕೇಳಿದ್ದೇನೆ. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ‘ಸಮತೆಯ ಹೂವನು ಅರಳಿಸಲಿಲ್ಲ’ ಅನ್ನುವ ಸಾಲು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅದು ಪುಸ್ತಕದ ಮಾತು. ಜೋಬು, ಬೂಟು, ಚಾಟಿಯ ಪಕ್ಕದಲ್ಲಿ ಅದು ಸಪ್ಪೆ. ಕೇರಿಯಲ್ಲಿ ಹಾಡುವಾಗ ಆ ಸಾಲನ್ನು ಎಲ್ಲರೂ ಬೇಗ ಮುಗಿಸಿ ಪಲ್ಲವಿಗೆ ಓಡೋರು.

‘ನಲವತ್ತೇಳರ’ ಅನ್ನುವುದಕ್ಕೆ ಬರೋಣ. ಸುಮ್ನೆ ‘ಸ್ವಾತಂತ್ರ್ಯ’ ಅಂದಿದ್ದರೆ ಬೇರೆ ಅರ್ಥ ಆಗುತ್ತಿತ್ತು. ನಲವತ್ತೇಳರದ್ದು ಅಂದಾಗ ಇನ್ಯಾವುದೋ ವರ್ಷದ್ದೂ ಇರಬಹುದು ಅನ್ನುವ ಜಾಗ ಉಳಿಯುತ್ತದೆ. ಒಬ್ಬ ಕಮ್ಯುನಿಸ್ಟ್ ಅಲ್ಲಿ ಕ್ರಾಂತಿಯನ್ನು ನೋಡುತ್ತಾನೆ. ಅಂಬೇಡ್ಕರ್‌ವಾದಿ ಸಂವಿಧಾನದ 1950ನ್ನು ನೋಡುತ್ತಾನೆ. ಆದರೆ ಈ ಪದವನ್ನು ನಾನು ಊಹಿಸದ ರೀತಿಯಲ್ಲಿ ಓದಿದವರು ಕಲಬುರಗಿಯವರು.

ನಾನು ಕೆಲವು ವರ್ಷ ಆ ಕಡೆ ಕೆಲಸ ಮಾಡಿದೆ. ಕಾಲೇಜಿನ ಒಂದು ಕಾರ್ಯಕ್ರಮದಲ್ಲಿ ಹುಡುಗರು ಈ ಹಾಡು ಹಾಡಿದರು. ಮುಗಿದ ಮೇಲೆ ಸಹೋದ್ಯೋಗಿಯೊಬ್ಬರ ವಯಸ್ಸಾದ ತಂದೆ ನನ್ನ ಪಕ್ಕ ಕೂತಿದ್ದವರು ಹೇಳಿದರು: "ಹಾಡು ಛಲೋ ಅದ ರೀ ಸರ. ಖರೆ ನಮಗ ನಲವತ್ತೇಳರಾಗ ಎಲ್ಲಿ ಬಂತು? ನಮಗ ಬಂದದ್ದು ನಲವತ್ತೆಂಟರಾಗ." ನಾನು ಬೆಚ್ಚಿಬಿದ್ದೆ. ಅವರು ಹೇಳಿದ್ದು ಚರಿತ್ರೆಯ ಸರಳ ಸತ್ಯ. ಕಲಬುರಗಿ, ಬೀದರ್, ರಾಯಚೂರು ಆಗ ಹೈದರಾಬಾದ್ ನಿಜಾಮರ ಕೈಯಲ್ಲಿದ್ದವು. ಅವು ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು, ಭಾರತದ ಸೈನ್ಯ ಹೋದ ಮೇಲೆ. ಆ ಒಂದು ವರ್ಷ ಅಲ್ಲಿ ನಿಜಾಮರ ಪರವಾಗಿದ್ದ ರಜಾಕಾರರ ಪಡೆಯ ಹಾವಳಿ. ಈಗಲೂ ಸೆಪ್ಟೆಂಬರ್ 17ಕ್ಕೆ ಅಲ್ಲಿ ಬಾವುಟ ಹಾರಿಸುತ್ತಾರೆ. ಆ ಅಜ್ಜನಿಗೆ ‘ಎಲ್ಲಿಗೆ ಬಂತು’ ಅನ್ನುವುದು ಭೂಪಟದ ಪ್ರಶ್ನೆ.

ಅವತ್ತು ರಾತ್ರಿ ಮಲಗಿದಾಗ ನನಗೆ ಖಾದಿ ಮೇಷ್ಟ್ರು ನೆನಪಾದರು. ಅವರ ಕತೆ ನೆನಪಾಯಿತು. ಪ್ರತಿ ಆಗಸ್ಟ್ 15ಕ್ಕೂ ಅವರು ಭಾಷಣದಲ್ಲಿ ಒಂದೇ ಕತೆ ಹೇಳುತ್ತಿದ್ದರು. ನಾವು ಅರ್ಧ ಕೇಳಿಸಿಕೊಳ್ಳುತ್ತಿದ್ದೆವು. ಅವರು ಏಟು ತಿಂದದ್ದು 1942ರಲ್ಲಿ ಅಲ್ಲ. 1947ರ ಸೆಪ್ಟೆಂಬರಿನಲ್ಲಿ.

ಹಳೇ ಮೈಸೂರಿನವರಾದ ನಮಗೂ ಅದು ಮರೆತೇ ಹೋಗಿದೆ. ಜಯಚಾಮರಾಜ ಒಡೆಯರು ಭಾರತಕ್ಕೆ ಸೇರಲು ಒಪ್ಪಿದ್ದರು ನಿಜ. ಆದರೆ ಆಡಳಿತ ಜನರ ಕೈಗೆ ಬಂದಿರಲಿಲ್ಲ. ದೇಶವೆಲ್ಲ ಬಾವುಟ ಹಾರಿಸಿದ ಮೇಲೂ ಮೈಸೂರಿನ ಜನ ಜವಾಬ್ದಾರಿ ಸರ್ಕಾರ ಬೇಕು ಅಂತ ಬೀದಿಗಿಳಿಯಬೇಕಾಯಿತು. ಅದೇ ಮೈಸೂರು ಚಲೋ. ಲಾಠಿ ಬೀಸಿದರು, ಗುಂಡು ಹಾರಿಸಿದರು, ಸಾವಿರಾರು ಜನರನ್ನು ಜೈಲಿಗೆ ಹಾಕಿದರು. ಮೈಸೂರಿನಲ್ಲಿ ರಾಮಸ್ವಾಮಿ ಅನ್ನುವ ವಿದ್ಯಾರ್ಥಿ ಗುಂಡಿಗೆ ಬಲಿಯಾದ. ಇವತ್ತು ಅಲ್ಲಿರುವ ರಾಮಸ್ವಾಮಿ ವೃತ್ತ ಅವನ ಹೆಸರಿನದು. ಅಕ್ಟೋಬರಿನಲ್ಲಿ ಅರಮನೆ ಮಣಿಯಿತು. ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಖಾದಿ ಮೇಷ್ಟ್ರು ಆಗ ಕಾಲೇಜು ಹುಡುಗ. "ಸ್ವಾತಂತ್ರ್ಯ ಬಂದು ತಿಂಗಳಾಗಿತ್ತು, ನಮ್ಮ ಬೆನ್ನ ಮೇಲೆ ಇನ್ನೂ ಲಾಠಿ ಬೀಳ್ತಾ ಇತ್ತು" ಅಂತ ಅವರು ಹೇಳುತ್ತಿದ್ದದ್ದು ಇದನ್ನೇ.

‘ಪೋಲೀಸರ ಬೂಟಿಗೆ ಬಂತು, ಬಂದೂಕದ ಗುಂಡಿಗೆ ಬಂತು ನಲವತ್ತೇಳರ ಸ್ವಾತಂತ್ರ್ಯ.’ ಇದು ಅವರ ಬೆನ್ನಿನ ಕತೆ. ನನ್ನ ಬಾಯಲ್ಲಿ ಬಂದಾಗ ಅದು ಅವರಿಗೆ ಬೈಗುಳದ ಹಾಗೆ ಕೇಳಿಸಿತು. ಮೈಕ್ ಕಿತ್ತುಕೊಳ್ಳದೆ ಇನ್ನೊಂದು ಚರಣ ಹಾಡಲು ಬಿಟ್ಟಿದ್ದರೆ ಆ ಸಾಲು ಅವರ ಕಿವಿಗೆ ಬೀಳುತ್ತಿತ್ತು. ಬಿದ್ದಿದ್ದರೆ ಏನನ್ನುತ್ತಿದ್ದರೋ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಾವಿಬ್ಬರೂ ಒಂದೇ ಪ್ರಶ್ನೆಯ ಆಚೆ ಈಚೆ ನಿಂತಿದ್ದೆವು. ಅವರು ಅರಮನೆಗೆ ಕೇಳಿದ್ದನ್ನು ನಾನು ಊರಿಗೆ ಕೇಳಿದ್ದೆ.

ಯಾಕೆ ಊರಿಗೆ ಅಂತಲೂ ಹೇಳಬೇಕು. ಮೇಷ್ಟ್ರು ಒಳ್ಳೆಯವರು. ನನಗೆ ನೋಟ್‌ಬುಕ್ ಕೊಡಿಸಿದ್ದಾರೆ. ಹೈಸ್ಕೂಲು ಬಿಡಬೇಡ ಅಂತ ನಮ್ಮಪ್ಪನಿಗೆ ಎರಡು ಸಲ ಹೇಳಿ ಕಳಿಸಿದ್ದಾರೆ. ಆದರೆ ಅವರ ಮನೆಯಲ್ಲಿ ನಾನು ಜಗಲಿ ದಾಟಿ ಒಳಗೆ ಹೋದದ್ದಿಲ್ಲ. ಬಾ ಅಂತ ಅವರು ಕರೆಯಲಿಲ್ಲ, ಹೋಗಬಹುದು ಅಂತ ನನಗೂ ಅನ್ನಿಸಲಿಲ್ಲ. ನೀರು ಕೊಟ್ಟರೆ ಮೇಲಿಂದ ಹುಯ್ಯೋರು, ನಾನು ಬೊಗಸೆ ಒಡ್ಡುತ್ತಿದ್ದೆ. ಆಗಸ್ಟ್ 15ರ ಬಾವುಟ ಕಟ್ಟುತ್ತಿದ್ದದ್ದೂ ಅವರೇ. ಎರಡೂ ನಿಜ. ನಲವತ್ತೇಳರ ಸ್ವಾತಂತ್ರ್ಯ ನನ್ನ ಪಾಲಿಗೆ ಆ ಜಗಲಿವರೆಗೆ ಬಂದಿತ್ತು.

ಆದ್ದರಿಂದಲೇ ಚಿಕ್ಕಪ್ಪನ ಓದು ನನಗೆ ಸ್ನೇಹಿತರ ಓದಿಗಿಂತ ಹತ್ತಿರ. ಕವಿಯ ಬದುಕು ನೋಡಿದರೂ ಹಾಗೇ ಅನ್ನಿಸುತ್ತದೆ. ಸಿದ್ದಲಿಂಗಯ್ಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದವರು. ಬೆಂಗಳೂರಿನ ಹಾಸ್ಟೆಲಿನಲ್ಲಿ ಓದಿ ಬೆಳೆದವರು. 1973ರಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಅಂದಾಗ ಎದ್ದ ಗಲಾಟೆಯಲ್ಲಿ ಹಾಸ್ಟೆಲಿನ ಹುಡುಗರು ಏಟು ತಿಂದರು. ಆ ತಲೆಮಾರೇ ದಲಿತ ಸಂಘರ್ಷ ಸಮಿತಿ ಕಟ್ಟಿದ್ದು. ಬಿ. ಕೃಷ್ಣಪ್ಪ, ದೇವನೂರ ಮಹಾದೇವ ಅವರ ಜೊತೆ ಇವರೂ ಇದ್ದರು. ಅದೇ ಹೊತ್ತಿಗೆ, 1974ರಲ್ಲಿ, ದೇವರಾಜ ಅರಸು ಸರ್ಕಾರದ ಭೂಸುಧಾರಣೆ ಬಂತು. ಗೇಣಿ ಮಾಡುತ್ತಿದ್ದವರಿಗೆ ಭೂಮಿ ಸಿಕ್ಕಿತು. ಅದು ದೊಡ್ಡ ಕೆಲಸ. ಆದರೆ ಗೇಣಿಯೂ ಇಲ್ಲದೆ ಬರೀ ಕೂಲಿಗೆ ಹೋಗುತ್ತಿದ್ದ ನಮ್ಮ ಕೇರಿಗೆ ಅದು ಮುಟ್ಟಲಿಲ್ಲ. ಅಲ್ಲೂ ‘ಎಲ್ಲಿಗೆ ಬಂತು’ ಅನ್ನುವ ಪ್ರಶ್ನೆಯೇ.

ಕವಿಯ ಮೇಲೂ ಈ ಹಾಡನ್ನು ತಿರುಗಿಸಿದವರಿದ್ದಾರೆ. 1988ರಲ್ಲಿ ಅವರು ವಿಧಾನ ಪರಿಷತ್ ಸದಸ್ಯರಾದರು. ಇದೇ ಹಾಡಿನಲ್ಲಿ ಪಾರ್ಲಿಮೆಂಟಿನ ಕುರ್ಚಿಯನ್ನು ಬೈದ ಕವಿಯೇ ಸದನದ ಕುರ್ಚಿಯಲ್ಲಿ ಕೂತರಲ್ಲ ಅಂತ ಆಡಿಕೊಂಡರು. ನಾನು ಈ ಮಾತನ್ನು ಒಪ್ಪುವುದಿಲ್ಲ. ಕುರ್ಚಿಯೇ ಕೆಟ್ಟದ್ದು ಅಂತ ಹಾಡು ಹೇಳುವುದಿಲ್ಲ. ಅಲ್ಲಿ ಕೂತು ವರ್ಷಗಟ್ಟಲೆ ಚರ್ಚೆ ಮಾಡಿ, ಏಳದೆ ಉಳಿದದ್ದರ ಬಗ್ಗೆ ಅದರ ಸಿಟ್ಟು. ಸ್ವಾತಂತ್ರ್ಯ ಬಡವನ ಮನೆಗೆ ಬರಬೇಕು ಅಂತ ಕೇಳಿದವನು ಸದನಕ್ಕೂ ಹೋಗಿ ಕೇಳಿದರೆ ತಪ್ಪೇನು? ಸದನದಲ್ಲಿ ಅವರು ಆಡಿದ ಮಾತುಗಳು ಪುಸ್ತಕವಾಗಿ ಬಂದಿವೆ. ಆಮೇಲಿನ ಅವರ ಕೆಲವು ರಾಜಕೀಯ ನಡೆಗಳು ನನಗೂ ಸರಿ ಕಾಣಲಿಲ್ಲ. ಆದರೆ 2021ರ ಜೂನ್ 11ರಂದು ಕೋವಿಡ್ ಅವರನ್ನು ಕರೆದುಕೊಂಡು ಹೋದ ದಿನ, ಲಾಕ್‌ಡೌನಿನಲ್ಲಿ ಮನೆಯೊಳಗೇ ಇದ್ದ ನನ್ನ ಫೋನಿಗೆ ರಾತ್ರಿವರೆಗೂ ಇದೇ ಹಾಡು ಬರುತ್ತಿತ್ತು. ಒಬ್ಬೊಬ್ಬರದು ಒಂದೊಂದು ದನಿ. ಆ ಮಾತು ಈ ಮಾತು ಯಾವುದೂ ಅವತ್ತು ನೆನಪಾಗಲಿಲ್ಲ. ಅತ್ತುಬಿಟ್ಟೆ.

ಕೊನೆಗೆ ಒಂದು ಜಾಗದ ಬಗ್ಗೆ ಹೇಳಬೇಕು. ಬೆಂಗಳೂರಿನ ಫ್ರೀಡಂ ಪಾರ್ಕ್. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಜೈಲು. ಈಗ ಬೆಂಗಳೂರಿನಲ್ಲಿ ಧರಣಿ ಮಾಡುವುದಿದ್ದರೆ ಅಲ್ಲೇ ಮಾಡಬೇಕು, ಬೀದಿಯಲ್ಲಿ ಮೆರವಣಿಗೆ ಹೋಗುವ ಹಾಗಿಲ್ಲ ಅನ್ನುವ ನಿಯಮ ಬಂದಿದೆ. ‘ಎಲ್ಲಿಗೆ ಬಂತು’ ಅಂತ ಅಲ್ಲಿ ಕೂತು ಹಾಡಿದಾಗ ಆ ಹಳೇ ಗೋಡೆಗಳ ನಡುವೆ ಮಾತು ಬೇರೆಯೇ ಆಗಿ ಕೇಳಿಸುತ್ತದೆ.

ಹೋದ ವರ್ಷ ಗುತ್ತಿಗೆ ಕೆಲಸದ ಹೆಂಗಸರ ಧರಣಿಗೆ ನಾನು ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ಶಾಮಿಯಾನದ ನೆರಳು ಅರ್ಧ ಜನಕ್ಕೆ ಮಾತ್ರ ಸಾಲುತ್ತಿತ್ತು. ಮೈಕ್ ಹಿಡಿದ ಹುಡುಗ ಪಲ್ಲವಿ ಎತ್ತಿಕೊಟ್ಟ. ನನ್ನ ಮುಂದೆ ಕೂತಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಚಪ್ಪಾಳೆ ತಟ್ಟುತ್ತಾ ಹಾಡುತ್ತಿದ್ದರು. ‘ಬಡವನ ಮನೆಗೆ ಬರಲಿಲ್ಲ’ ಅನ್ನುವ ಸಾಲು ಬಂದಾಗ ಅವರೊಬ್ಬರು ಬೇರೆ ಪದ ಹಾಡಿದರು. ‘ನಮ್ಮಯ ಮನೆಗೆ ಬರಲಿಲ್ಲ.’ ತಾಳ ಎಲ್ಲೂ ತಪ್ಪಲಿಲ್ಲ. ಮುಂದಿನ ಸಲ ಆ ಸಾಲು ಬಂದಾಗ ಪಕ್ಕದವರೂ ಹಾಗೇ ಹಾಡಿದರು.

ಹಾಡು ಮುಗಿದ ಮೇಲೆ ನಾನು ಕೇಳಿದೆ. "ಅಕ್ಕಾ, ಆ ಪದ ಯಾಕೆ ಬದಲಾಯಿಸಿದ್ರಿ?"

ಅವರಿಗೆ ನನ್ನ ಪ್ರಶ್ನೆ ಅರ್ಥವಾಗಲಿಲ್ಲ. "ಹಾಡು ಇರೋದೇ ಹಂಗಲ್ವಾ ಸಾರ್?" ಅಂದರು. ಚೀಲದಿಂದ ನೀರಿನ ಬಾಟಲಿ ತೆಗೆದು, ಎರಡು ಗುಟುಕು ಕುಡಿದು, ನನ್ನ ಕೈಗೂ ಕೊಟ್ಟರು.